ಅಂಗನವಾಡಿ ಕಿಟಕಿಯ ತಟ್ಟೆ

ಶೈಲಾ ಟೀಚರೇ, ನಿಮ್ಮ ಅವ್ವನ ದನಿ ಇದ್ದ ಹಾರ್ಡ್ ಡಿಸ್ಕ್ ತಾನಾಗಿ ಕೆಟ್ಟಿರಲಿಲ್ಲ. ಚೆನ್ನಾಗಿಯೇ ಇತ್ತು. ಅದನ್ನು ಬಿಚ್ಚಿ, ಡ್ರಿಲ್ ಹಾಕಿ ಹಾಳು ಮಾಡಿದವನು ನಾನು. ಕೆಟ್ಟಿದೆ ಎಂದು ನಿಮ್ಮೆದುರು ಹೇಳಿದ್ದು ಸುಳ್ಳು — ಒಮ್ಮೆಯಲ್ಲ, ನೀವು ಕೇಳಿದಾಗಲೆಲ್ಲ ಹೇಳಿದ ಸುಳ್ಳು.

ಇದನ್ನು ಬಾಯಲ್ಲಿ ಹೇಳಬೇಕು, ಹೇಳುತ್ತೇನೆ ಕೂಡ. ಆದರೆ ಎದುರಿಗೆ ನಿಂತರೆ ನಾನು ಮಾತನ್ನು ಅರ್ಧಕ್ಕೇ ಬಿಡುವ ಜಾತಿಯವನು. ಹಾಗೆ ಅರ್ಧಕ್ಕೆ ಬಿಟ್ಟ ಒಂದು ಮಾತೇ ಇಷ್ಟಕ್ಕೆಲ್ಲ ಮೂಲ. ಅದಕ್ಕೇ ಮೊದಲು ಪೂರ್ತಿಯಾಗಿ ಬರೆದು ನೋಡುತ್ತಿದ್ದೇನೆ, ನಿಮಗೆ ಗೊತ್ತಿರುವುದನ್ನೂ ಬಿಡದೆ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ನನ್ನ ಸ್ಟುಡಿಯೋ. ಹೆಸರು ಮಂಜಪ್ಪ, ಊರಿಗೆಲ್ಲ ಸ್ಟುಡಿಯೋ ಮಂಜಣ್ಣ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ — ಒಂಟಿ ಜೀವಕ್ಕೆ ಅಷ್ಟು ಸಾಕು. ಸುತ್ತಲ ಹಳ್ಳಿಗಳಲ್ಲಿ ಮದುವೆಯಾದರೆ ನಾನು ಇರಲೇಬೇಕು. ಧಾರೆಯ ಹೊತ್ತಿಗೆ ಗಂಡಿನ ಸೋದರಮಾವ ಬಾರದಿದ್ದರೂ ನಡೆಯುತ್ತದೆ, ವಿಡಿಯೋದವನು ಬಾರದಿದ್ದರೆ ಭಟ್ಟರನ್ನೂ ನಿಲ್ಲಿಸುತ್ತಾರೆ. ಎಷ್ಟೋ ಜೋಡಿಗಳ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದೇನೆ. ನನ್ನ ತಲೆಯ ಮೇಲೆ ಬಿದ್ದದ್ದು ಮಾತ್ರ ಬೇರೆಯವರಿಗೆಂದು ಎಸೆದು ಗುರಿ ತಪ್ಪಿದ ಕಾಳು.

ಡಿಸ್ಕ್ ಕೊಲ್ಲುವ ಕೆಲಸ ಶುರುವಾದದ್ದು ಹೆದರಿಕೆಯಿಂದ. ಬೇರೆ ಊರಿನ ಸ್ಟುಡಿಯೋದವನೊಬ್ಬ ಹಳೆಯ ಕಂಪ್ಯೂಟರನ್ನು ಹಾಗೇ ಗುಜರಿಗೆ ಹಾಕಿದ್ದ. ಅದರೊಳಗಿದ್ದ ಹೆಣ್ಣುಮಕ್ಕಳ ಫೋಟೋಗಳು ಯಾರ್ಯಾರದೋ ಮೊಬೈಲಿಗೆ ಹರಿದಾಡಿದವು. ಒಬ್ಬ ಹುಡುಗಿ ಕಾಲೇಜನ್ನೇ ಬಿಟ್ಟಳು ಎಂದು ಕೇಳಿದೆ. ಅಳಿಸಿದರೆ ಸಾಲದು, ಅಳಿಸಿದ್ದನ್ನು ಮತ್ತೆ ಎತ್ತುವವರಿದ್ದಾರೆ. ಅಂದಿನಿಂದ ನನ್ನ ಹಳೆಯ ಡಿಸ್ಕುಗಳ ಸ್ಕ್ರೂ ಬಿಚ್ಚಿ, ಒಳಗಿನ ಹೊಳೆಯುವ ತಟ್ಟೆಗೆ ಎರಡೆರಡು ತೂತು ಕೊರೆಯತೊಡಗಿದೆ. ಕ್ರಮೇಣ ವಕೀಲರು, ಡಾಕ್ಟರು, ಸೈಬರ್ ಅಂಗಡಿಯವರು ತಮ್ಮವನ್ನೂ ತಂದರು. ಅವರ ಕಣ್ಣೆದುರೇ ಕೊರೆದು, ಪುಡಿ ಊದಿ ತೋರಿಸುತ್ತಿದ್ದೆ. ಮಂಜಣ್ಣನ ಕೈಗೆ ಕೊಟ್ಟರೆ ಮಾನ ಮನೆಯೊಳಗೇ ಉಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಕೇಳಿ ನನಗೂ ಎದೆ ಉಬ್ಬುತ್ತಿತ್ತು.

ಕಳೆದ ವರ್ಷ ನಿಮ್ಮ ಅವ್ವ ಗಂಗಮ್ಮನವರು ತೀರಿಕೊಂಡಾಗ, ಅವರ ಫೋಟೋ ದೊಡ್ಡದು ಮಾಡಿಸಲು ನೀವು ಅಂಗಡಿಗೆ ಬಂದಿರಿ. ಕಟ್ಟು ಹಾಕಿಸಿದ ಫೋಟೋವನ್ನು ಪೇಪರಿನಲ್ಲಿ ಸುತ್ತಿಸಿಕೊಂಡ ಮೇಲೂ ಹೊರಡಲಿಲ್ಲ. ಚೀಲದಿಂದ ಹಳೆಯ ಡಿವಿಡಿಯೊಂದನ್ನು ತೆಗೆದಿರಿ. ನಿಮ್ಮ ಅಕ್ಕ ರೇಣುಕಾ ಅವರ ಮದುವೆಯದು, ನಾನೇ ಮಾಡಿಕೊಟ್ಟದ್ದು.

"ಇದ್ರಾಗೆ ಅವ್ವ ಸೋಬಾನೆ ಹಾಡ್ತಾಳೆ ಮಂಜಣ್ಣ. ಬಾಯಿ ಆಡ್ತೈತೆ, ದನಿ ಮಾತ್ರ ಸಿನಿಮಾದವ್ರದ್ದು. ಅವ್ವಂದೇ ದನಿ ನಿಮ್ಮತ್ರ ಎಲ್ಲಾದ್ರೂ ಉಳ್ದೈತಾ?"

ನಾವು ಮದುವೆ ವಿಡಿಯೋದವರು ಮಾಡುವುದೇ ಹಾಗೆ. ಪಾತ್ರೆ ಸದ್ದು, ಮಕ್ಕಳ ಅಳು, ಹೆಂಗಸರ ಹಾಡು — ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕಿ ಮೇಲೆ ಸಿನಿಮಾ ಹಾಡು ಹೊದಿಸುತ್ತೇವೆ. ಅಸಲು ಸದ್ದನ್ನು ನಾನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಆದರೆ ಅಸಲು ಇತ್ತು. ಆ ವರ್ಷದ ಮದುವೆಗಳ ಡಿಸ್ಕ್ ನನ್ನ ಬೀರುವಿನಲ್ಲಿ, ತೂತು ಬೀಳದೆ, ಭದ್ರವಾಗಿತ್ತು. ನೋಡುತ್ತೇನೆ ಟೀಚರೇ, ಇರಬೇಕು ಎಂದೆ. ನಿಮ್ಮ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ದಿನ ನೀವು ಇನ್ನೂ ಒಂದು ಮಾತು ಹೇಳಿದಿರಿ. ಅಕ್ಕನ ಮದುವೆಯ ನಂತರ ಅವ್ವ ಎಲ್ಲೂ ಹಾಡಲಿಲ್ಲ ಎಂದು. ನಿಮ್ಮ ಬಗ್ಗೆ ಯಾರೋ ಏನೋ ಅಂದರಂತೆ, ಬಂದ ಸಂಬಂಧಗಳೆಲ್ಲ ಬಾಗಿಲಿಂದಲೇ ತಿರುಗಿದವಂತೆ. ಯಾವುದೋ ಮದುವೆಯಲ್ಲಿ ಒಬ್ಬಾಕೆ, ಮೊದಲು ನಿನ್ನ ಕಿರಿ ಮಗಳನ್ನು ಹಸೆಗೆ ಕೂರಿಸು, ಆಮೇಲೆ ನಮ್ಮವರಿಗೆ ಹಾಡುವಿಯಂತೆ ಎಂದಳಂತೆ. ಗಂಗಮ್ಮನವರು ಎದ್ದು ಬಂದವರು ಮತ್ತೆ ಹಾಡಿಗೆ ಕೂರಲಿಲ್ಲ. ಯಾರು ಏನಂದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ ಎಂದು ಹೇಳಿ ನೀವು ಬಸ್ಸಿಗೆ ಹೋದಿರಿ.

ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಆಡಿದ ಮಾತು ಗಾಳಿಯಲ್ಲಿ ಹೋಗಿದೆ, ಸಾಕ್ಷಿಯೇನೂ ಇಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆ.

ಆ ಒಂದು ಡಿಸ್ಕನ್ನು ಮಾತ್ರ ಕೊರೆಯದೆ ಏಕೆ ಇಟ್ಟಿದ್ದೆ — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅದರಲ್ಲಿ ನೀವಿದ್ದಿರಿ. ಹಸಿರು ರೇಷ್ಮೆ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು, ಆಚೆಯಿಂದ ಈಚೆ ಓಡಾಡುತ್ತಿದ್ದಿರಿ. ಕಾಲೇಜಿಗೆ ಬರುತ್ತಿದ್ದ ದಿನಗಳಲ್ಲಿ ನೀವು ಸೊರಬದ ಬಸ್ಸಿಗೆ ಕಾಯುತ್ತಿದ್ದದ್ದು ನನ್ನ ಅಂಗಡಿಯ ಎದುರಿಗೇ. ಸರಿಯಾಗಿ ಅದೇ ಹೊತ್ತಿಗೆ ನನಗೆ ಅಂಗಡಿಯ ಗಾಜು ಒರೆಸುವ ಕೆಲಸ. ಶಿರಾಳಕೊಪ್ಪದಲ್ಲಿ ಅಷ್ಟು ಸ್ವಚ್ಛವಾದ ಗಾಜು ಇನ್ನೊಂದಿರಲಿಲ್ಲ. ನಿಮ್ಮನ್ನು ನಾನು ಪ್ರೀತಿಸುತ್ತಿದ್ದೆ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಯಾರ ಕೈಲೂ ಹೆಣ್ಣು ಕೇಳಿಸಲಿಲ್ಲ. ನೀವು ಎಲ್ಲರಂತೆ ಮಂಜಣ್ಣ ಎನ್ನುತ್ತಿದ್ದಿರಿ, ನಾನು ಓ ಎನ್ನುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಹಿಂದಿನ ಕೋಣೆಯಲ್ಲಿ ಒಬ್ಬನೇ ಊಟಕ್ಕೆ ಕೂತಾಗ ಆ ಮದುವೆಯನ್ನು ಸದ್ದಿಲ್ಲದೆ ಹಾಕಿಕೊಳ್ಳುತ್ತಿದ್ದೆ. ಜೊತೆಗೆ ಯಾರೋ ಓಡಾಡಿದಂತಿರುತ್ತಿತ್ತು. ನಿಮಗೆ ಗೊತ್ತಿಲ್ಲದೆ ನಿಮ್ಮನ್ನು ಹಾಗೆ ನೋಡುತ್ತಿದ್ದದ್ದೂ ತಪ್ಪೇ.

ನೀವು ಕೇಳಿಹೋದ ದಿನವೇ ಡಿಸ್ಕ್ ತೆಗೆದು, ಮೊದಲ ಸಲ ಸದ್ದಿನೊಂದಿಗೆ ಹಾಕಿದೆ. ಕಿವಿಗೆ ಹೆಡ್‌ಫೋನ್. ಒಳ್ಳೆಯ ಕೆಲಸವೊಂದು ಕೈಗೆ ಸಿಕ್ಕಿತೆಂದು, ಸುಳ್ಳೇಕೆ, ಖುಷಿಯಲ್ಲಿದ್ದೆ. ಹಸೆಯ ಎದುರು ಹೆಂಗಸರು, ನಡುವೆ ಗಂಗಮ್ಮನವರು. ಅವರ ದನಿ ಬಂತು — ಸ್ವಲ್ಪ ಒಡಕು, ಆದರೆ ತುಂಬಿದ ದನಿ, ಯಾರಿಗೂ ತೋರಿಸಿಕೊಳ್ಳದ ದನಿ. ಎರಡು ಸಾಲು ಮುಗಿಯುವಷ್ಟರಲ್ಲಿ ನನ್ನ ಪಕ್ಕದಿಂದ ಗಂಡಸಿನ ಮಾತು ಕೇಳಿತು. ಕುಬಟೂರಿನಿಂದ ಬಂದಿದ್ದ ಗಂಡಿನ ದೊಡ್ಡಪ್ಪ. ಆ ಹಸಿರು ಸೀರೆಯವಳು ಹೆಣ್ಣಿನ ತಂಗಿಯಲ್ಲವೇ, ನಮ್ಮ ಹುಡುಗನಿಗೆ ಕೇಳೋಣ ಅಂತಿದ್ದೇವೆ, ಹೇಗೆ ಎಂದು ವಿಚಾರಿಸುತ್ತಿದ್ದಾರೆ. ಆಮೇಲೆ ಎಲ್ಲಕ್ಕಿಂತ ಜೋರಾಗಿ, ಕಿವಿಯೊಳಗೇ ಬಾಯಿಟ್ಟು ಹೇಳಿದಂತೆ, ನನ್ನ ದನಿ. ಕ್ಯಾಮೆರಾದ ಮೈಕಿಗೆ ಕ್ಯಾಮೆರಾ ಹಿಡಿದವನ ಬಾಯಿಯೇ ಅಲ್ಲವೇ ಎಲ್ಲರಿಗಿಂತ ಹತ್ತಿರ.

"ಮನೆತನ ಒಳ್ಳೇದೈತ್ರಿ. ಆದ್ರೆ ಆ ಹುಡುಗಿದು... ಬ್ಯಾಡ ಬಿಡ್ರಿ. ನಾವು ದಿನಾ ಬಸ್ ಸ್ಟ್ಯಾಂಡಿನಾಗೆ ನೋಡ್ತೀವಲ್ಲ."

ಅಷ್ಟೇ. ಅಷ್ಟು ಹೇಳಿ ಸಣ್ಣಗೆ ನಕ್ಕಿದ್ದೇನೆ. ಮಾತು ನೆನಪಿತ್ತು, ಆ ನಗು ನೆನಪಿರಲಿಲ್ಲ. ನಾನು ದಿನಾ ನೋಡುತ್ತಿದ್ದದ್ದು ಏನು? ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪೊಟ್ಟಣದಿಂದ ಶೇಂಗಾ ತಿನ್ನುತ್ತಾ ಬಸ್ಸಿಗೆ ಕಾಯುವ ಹುಡುಗಿ. ಬೇರೇನೂ ಇಲ್ಲ, ಯಾರೂ ಇಲ್ಲ. ಬೇರೊಬ್ಬರು ಕೇಳಲು ಹೊರಟರಲ್ಲ ಎಂಬ ಹೊಟ್ಟೆಕಿಚ್ಚಿಗೆ ಏನೂ ಹೇಳದೆಯೇ ಎಲ್ಲವನ್ನೂ ಹೇಳಿಬಿಟ್ಟೆ. ಉಳಿದದ್ದನ್ನು ಅವರು ತುಂಬಿಕೊಂಡರು, ಊರಿಂದೂರಿಗೆ ಜನ ತುಂಬಿಕೊಂಡರು. ಆ ಮಾತಿನ ಅಡಿಯಲ್ಲಿ ನಿಮ್ಮ ಅವ್ವ ಇನ್ನೂ ಹಾಡುತ್ತಲೇ ಇದ್ದರು.

ನನ್ನ ನಗು ಮುಗಿಯುತ್ತಿದ್ದಂತೆ ಹಾಡೂ ಮುಗಿದಿತ್ತು, ಕ್ಯಾಮೆರಾ ನಿಲ್ಲಿಸಿದ್ದೆ. ನನ್ನ ದನಿಯನ್ನು ಕಿತ್ತರೆ ಅವರದೂ ಕಿತ್ತು ಬರುತ್ತಿತ್ತು. ಆದರೆ ಮೊದಲ ಎರಡು ಸಾಲು ಶುದ್ಧವಾಗಿತ್ತು, ಟೀಚರೇ. ಅದನ್ನಾದರೂ ಕತ್ತರಿಸಿ ಕೊಡಬಹುದಿತ್ತು. ಎರಡು ಸಾಲು ಕೇಳಿದವರು ಮುಂದಿನದೆಲ್ಲಿ ಎಂದು ಕೇಳುತ್ತೀರಿ ಎಂದು ಹೆದರಿದೆ. ನನ್ನ ಹೆಸರು ಉಳಿಯಲೆಂದು ಆ ಎರಡು ಸಾಲನ್ನೂ ಕೊಡಲಿಲ್ಲ.

ಸಂತೆಯ ದಿನ ನೀವು ಹೊಸ ಪೆನ್ ಡ್ರೈವ್ ಹಿಡಿದು ಬಂದಿರಿ. ಡಿಸ್ಕ್ ಹೋಗಿದೆ, ಓದುತ್ತಿಲ್ಲ ಎಂದೆ. ನೀವು ಪೆನ್ ಡ್ರೈವನ್ನು ಚೀಲಕ್ಕೆ ಹಾಕಿಕೊಂಡಿರಿ. ಆಮೇಲೆ ನನಗೇ ಸಮಾಧಾನ ಹೇಳಿದಿರಿ — "ಹೋಗ್ಲಿ ಬಿಡ್ರಿ ಮಂಜಣ್ಣ, ನೀವೇನು ಬೇಕಂತ ಮಾಡಿದ್ರಾ."

ಅಲ್ಲಿಗೆ ನಿಂತಿದ್ದರೆ ಡಿಸ್ಕ್ ಉಳಿಯುತ್ತಿತ್ತೇನೋ. ಆದರೆ ಮುಂದಿನ ಸಲ ಬಂದಾಗ, ಕೆಟ್ಟ ಡಿಸ್ಕಿನಿಂದ ತೆಗೆದುಕೊಡುವವರು ಶಿವಮೊಗ್ಗದಲ್ಲಿದ್ದಾರಂತೆ, ಭಾವ ಒಯ್ಯುತ್ತಾರೆ, ಕೊಡಿ ಎಂದಿರಿ. ನನಗೆ ತಕ್ಷಣ ಉತ್ತರ ಸಿಕ್ಕಿತು. ಅದರಲ್ಲಿ ಬೇರೆ ಮನೆಗಳ ಮದುವೆಯೂ ಇದೆ, ಯಾರ್ಯಾರದೋ ಹೆಣ್ಣುಮಕ್ಕಳಿದ್ದಾರೆ, ಅಂಗಡಿಯಿಂದ ಹೊರಗೆ ಕೊಡುವ ಪದ್ಧತಿ ನನ್ನಲ್ಲಿಲ್ಲ ಎಂದೆ. ನೀವು ತಲೆಯಾಡಿಸಿದಿರಿ.

"ಅದೂ ಸರೀನೇ. ಒಂದು ಹುಡುಗಿ ಹೆಸ್ರು ಕೆಡಾಕೆ ಎಷ್ಟೊತ್ತು ಬೇಕು."

ನೀವು ಹೋದ ಮೇಲೆ ಶಟರ್ ಅರ್ಧ ಎಳೆದೆ. ಮಧ್ಯಾಹ್ನದ ಹೊತ್ತು, ಹೊರಗೆ ಹಾನಗಲ್ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಮುಚ್ಚಳ ಬಿಚ್ಚಿದೆ. ಒಳಗೆ ಇದ್ದದ್ದು ಒಂದೇ ತಟ್ಟೆ. ಎರಡು ತೂತು ಸಾಕು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈ ನಿಲ್ಲಲಿಲ್ಲ. ಒಂದೊಂದು ತೂತಿಗೂ ನನ್ನ ಆ ನಗು ಸತ್ತಿರಬೇಕು ಎಂದುಕೊಳ್ಳುತ್ತಿದ್ದೆ, ಮತ್ತೆ ಅನುಮಾನ ಬಂದು ಇನ್ನೊಂದು ಕೊರೆಯುತ್ತಿದ್ದೆ. ಮುಗಿದ ಮೇಲೆ ಪುಡಿ ಊದಿದೆ. ತೋರಿಸಲು ಎದುರಿಗೆ ಯಾರೂ ಇರಲಿಲ್ಲ. ಅಂದಿನ ಊಟಕ್ಕೆ ಪರದೆಯ ಮೇಲೆ ಹಾಕಿಕೊಳ್ಳಲೂ ಏನೂ ಉಳಿದಿರಲಿಲ್ಲ.

ಇದಾದ ಮೇಲೂ ನೀವು ನನ್ನನ್ನು ಬಿಡಲಿಲ್ಲ. ಅಂಗನವಾಡಿಯ ಮಕ್ಕಳ ಫೋಟೋ ಪ್ರಿಂಟಿಗೆ ಬಂದಾಗ ಕೊರೆದ ತಟ್ಟೆಗಳನ್ನೆಲ್ಲ ನಾನು ಹಾಕಿಡುವ ಮೂಲೆಯ ಡಬ್ಬಿಯನ್ನು ಕಂಡಿರಿ. ಕಿಟಕಿಗೆ ಕಟ್ಟಿದರೆ ಮಕ್ಕಳಿಗೆ ಚಂದ, ಒಂದು ಕೊಡಿ ಎಂದಿರಿ. ನಾನು ಎದ್ದು ಬರುವಷ್ಟರಲ್ಲಿ ಕೈಯಾಡಿಸಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಿದ್ದಿರಿ. ಉಳಿದವಕ್ಕೆಲ್ಲ ಎರಡೆರಡು ತೂತು. ಇದು ಜರಡಿಯಂತಿದೆ, ಇದೇ ಇರಲಿ ಎಂದಿರಿ. ಬೇಡ, ಬೇರೆ ಕೊಡುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಅಂಚು ಚೂಪಾಗಿದೆ, ಮಕ್ಕಳ ಕೈ ಕೊಯ್ದೀತು ಎಂದು ಹೇಳಿ ಅರ ತೆಗೆದುಕೊಂಡೆ. ನೀವು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಿರಿ. ನಾನು ಒಂದೊಂದೇ ತೂತಿನ ಅಂಚು ಉಜ್ಜಿ ನುಣುಪು ಮಾಡಿದೆ. ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೊಂದೇ ಸಲ.

ಮೊನ್ನೆ ಹೇಳಿಬಿಡಲೆಂದೇ ಹೊಸಬಾಳೆಯ ನಿಮ್ಮ ಅಂಗನವಾಡಿಗೆ ಬಂದೆ. ಕೇಳಿದವರಿಗೆ ಫೋಟೋ ಕೊಡಲು ಬಂದೆ ಎಂದೆ. ತಟ್ಟೆ ಕಿಟಕಿಯಲ್ಲಿ ದಾರಕ್ಕೆ ತೂಗುತ್ತಿತ್ತು. ಬಿಸಿಲು ತೂತುಗಳಿಂದಿಳಿದು ನೆಲದ ಮೇಲೆ ಚುಕ್ಕೆಗಳಾಗಿ ಓಡಾಡುತ್ತಿತ್ತು, ಮಕ್ಕಳು ಅಂಗೈಯಿಂದ ಅವನ್ನು ಮುಚ್ಚಲು ನೋಡುತ್ತಿದ್ದರು. ನೀವು ಅವರಿಗೆ ಏನೋ ಹಾಡು ಹೇಳಿಕೊಡುತ್ತಿದ್ದಿರಿ. ನಿಮ್ಮ ದನಿಯಲ್ಲಿ ಅದೇ ಒಡಕಿದೆ, ಟೀಚರೇ. ಫೋಟೋದ ಕವರನ್ನು ಬಾಗಿಲ ಬಳಿ ಇಟ್ಟು, ನೀರೂ ಕುಡಿಯದೆ ಹಿಂತಿರುಗಿದೆ.

ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಬರುತ್ತೇನೆ. ಆ ತಟ್ಟೆ ಯಾವುದು ಎಂದು ಹೇಳುತ್ತೇನೆ. ಅದನ್ನು ಕಿಟಕಿಯಲ್ಲಿ ಉಳಿಸುವುದೋ, ನನ್ನ ಮುಖಕ್ಕೆ ಎಸೆಯುವುದೋ, ಊರಿಗೆಲ್ಲ ಹೇಳುವುದೋ ನಿಮಗೆ ಬಿಟ್ಟದ್ದು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಹೋಗಲಿ ಬಿಡಿ ಎಂದುಬಿಡುತ್ತೀರಿ, ನಿಮ್ಮ ಗುಣ ನನಗೆ ಗೊತ್ತು. ಅದಕ್ಕೂ ಮೊದಲು, ನಾಳೆಯೇ, ಕುಬಟೂರಿಗೆ ಹೋಗಿ ಬರುತ್ತೇನೆ. ಆ ಹಿರಿಯರು ಇನ್ನೂ ಇದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆಯಂತೆ. ಹತ್ತಿರ ಕೂತು, ನಾಲ್ಕು ಜನ ಕೇಳುವಷ್ಟು ಜೋರಾಗಿ, ಅಂದು ಅರ್ಧಕ್ಕೆ ಬಿಟ್ಟ ಮಾತನ್ನು ಪೂರ್ತಿ ಮಾಡುತ್ತೇನೆ. ಆ ಹುಡುಗಿದು ಏನೂ ತಪ್ಪಿರಲಿಲ್ಲ ಕಣ್ರಿ, ನಾನೇ ಸುಳ್ಳು ಹೇಳಿದ್ದೆ.