ನಮ್ಮ ಸರ್ ಕಲಿಸಿದ ವೆಲೀಯಿಟಿ

ನಿಘಂಟು ತೆಗೆದರೆಂದರೆ ನಮ್ಮ ಇಂಗ್ಲಿಷ್ ಸರ್ ಒಂದರ ಮೇಲೊಂದು ಎರಡು ಕನ್ನಡಕ ಏರಿಸುತ್ತಿದ್ದರು. ಕೆಳಗಿನದು ದೂರದ್ದು, ಮೇಲಿನದು ಓದುವುದು. ಎರಡರ ಭಾರಕ್ಕೆ ಮೂಗು ಕೆಂಪಾಗಿ, ಮಾತು ನೆಗಡಿಯಾದವರ ಹಾಗೆ ಬರುತ್ತಿತ್ತು. ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಕಲಿಸಿ ನಿವೃತ್ತರಾಗಿ ಹಾವೇರಿಯ ನಮ್ಮ ಓಣಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ ನಾನು ದಿನಾ ಸಂಜೆ ಅವರ ಪಡಸಾಲೆಯಲ್ಲಿ ಹಾಜರು.

ಶಬ್ದಾರ್ಥ ಬಾಯಿಪಾಠ ಮಾಡುವುದೆಂದರೆ ಅವರಿಗೆ ಆಗದು. "ಶಬ್ದಕ್ಕ ಒಬ್ಬ ಮನಷ್ಯಾ ಸಿಗಬೇಕವಾ. ಸಿಕ್ಕನಂದ್ರ ಅದನ್ನ ಮರ್ಯಾಕಾಗೂದಿಲ್ಲ," ಎನ್ನುತ್ತಿದ್ದರು. ಹೀಗಾಗಿ 'ಗ್ಯಾರ್ಯುಲಸ್' ಎಂದರೆ ನನಗೆ ಇಂದಿಗೂ, ಬ್ಯಾಡಗಿ ಬಸ್ಸು ಹತ್ತಿದಾಗಿನಿಂದ ಇಳಿಯುವವರೆಗೆ ಬಾಯಿ ಮುಚ್ಚದ ನಮ್ಮ ಚಿಗವ್ವ. ಆ ಉದಾಹರಣೆ ನಾನು ಕೊಟ್ಟದ್ದು, ಸರ್ ನಕ್ಕು ಒಪ್ಪಿಕೊಂಡದ್ದು.

ಒಂದು ಸಂಜೆ ಮೊಬೈಲಿನಲ್ಲಿ ಕಂಡ 'ವೆಲೀಯಿಟಿ' ಎಂಬ ಶಬ್ದ ಒಯ್ದೆ. ಅರ್ಥ ಓದಿದ್ದೆ: ಕೆಲಸಕ್ಕೆ ಇಳಿಸುವಷ್ಟು ಬಲವಿಲ್ಲದ ಬಯಕೆ. ತಲೆಬುಡ ತಿಳಿದಿರಲಿಲ್ಲ. ಆಲಸ್ಯವೇ ಎಂದು ಕೇಳಿದೆ. ಅಲ್ಲ ಎಂದರು. ಹಾಗಾದರೆ ಆಸೆಯೇ? ಅಷ್ಟೂ ಅಲ್ಲ ಎಂದರು. ಊರಿನಲ್ಲಿ ಯಾರ ಹೆಸರು ಹೇಳುತ್ತಾರೋ ಎಂದು ಕಾದೆ. ಸರ್ ಎರಡೂ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕರ್ಜಗ್ಯಾಗ ನನ್ನ ತಂಗಿ ಅದಾಳ. ಹೋಗಿ ಮಾತಾಡಿಸಬೇಕಂತ ದಿನಾ ಅನಸ್ತೈತಿ. ಏಳೂದಿಲ್ಲ. ಬರಕೋ, ಇದು ವೆಲೀಯಿಟಿ."

ನಾನು ಪೆದ್ದಿಯ ಹಾಗೆ ಬರೆದುಕೊಂಡೆ. ಮನೆಗೆ ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ದಿನಾ ಅನಿಸುವುದು ಬಲವಿಲ್ಲದ ಬಯಕೆ ಹೇಗಾಗುತ್ತದೆ?

ಸಂಗತಿ ಆಮೇಲೆ ಓಣಿಯವರಿಂದ ತಿಳಿಯಿತು. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೇ ಹೋಗಿ ತಂಗಿಯನ್ನು ತವರಿಗೆ ಕರೆದುಕೊಂಡು ಬರಬೇಕು. ಒಂದು ವರ್ಷ ಕಾಲೇಜಿನ ಕೆಲಸವೆಂದು ಸರ್ ಹೋಗದೆ, ಕಾಗದ ಬರೆದು ಕರೆದಿದ್ದರು. ಅಕ್ಷರ ಚೆಂದವಿದ್ದರೆ ಸಾಕೆಂದು ತಿಳಿದ ಮಾಸ್ತರರ ಬುದ್ಧಿ. ಗಂಡನ ಮನೆಯವರ ಎದುರು ತಂಗಿ ತಲೆ ಎತ್ತದ ಹಾಗಾಯಿತು. ಕಾಗದ ಕರೆದಿದೆ, ಕಾಗದವೇ ಪಂಚಮಿಯ ಉಂಡಿ ತಿನ್ನಲಿ ಎಂದು ಹೇಳಿ ಕಳಿಸಿ, ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ಇವರೂ ಹೋಗಲಿಲ್ಲ. ಹಾವೇರಿಯಿಂದ ಕರ್ಜಗಿ ಗಾಡಿಯ ಮೇಲೆ ಅರ್ಧ ತಾಸಿನ ಹಾದಿ.

ನಾನು ಪರೀಕ್ಷೆಗೆ ಓದುತ್ತಿದ್ದ ವರ್ಷ, ಪಂಚಮಿಗೆ ನಾಲ್ಕು ದಿನವಿರುವಾಗ ಸರ್ ಪಾಠದ ನಡುವೆ, ಕರ್ಜಗಿ ರಸ್ತೆ ಈಗ ಹೇಗಿದೆ ಎಂದು ಕೇಳಿದರು. ಚಲೋ ಆಗಿದೆ ಎಂದೆ. ನನ್ನ ಸ್ಕೂಟಿಯ ಮೇಲೆ ಇಬ್ಬರು ಕೂಡ್ರಬಹುದೇ ಎಂದರು. ಆರಾಮಾಗಿ ಎಂದೆ. ಮತ್ತೆ ಪುಸ್ತಕ ತೆರೆದರು. ಅದು ಕೇಳಿಕೆಯೋ, ಬರೀ ಮಾತೋ ನನಗೆ ತಿಳಿಯಲಿಲ್ಲ. ನಾನಾಗಿ ಕರೆದರೆ ದೊಡ್ಡವರ ಮನೆಯ ವಿಷಯದಲ್ಲಿ ತಲೆ ಹಾಕಿದಂತಾಗುತ್ತದೆಯೇ? ಕರೆಯದಿದ್ದರೆ ತಪ್ಪೇ? ಪರೀಕ್ಷೆ ಮುಗಿಯಲಿ, ಕೇಳಿದರಾಯಿತು ಎಂದುಕೊಂಡೆ. ಪಂಚಮಿ ಹೋಯಿತು. ಪರೀಕ್ಷೆಯೂ ಮುಗಿಯಿತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಿರುವಾಗಲೇ ಒಂದು ಬೆಳಿಗ್ಗೆ ಎದೆನೋವೆಂದ ಸರ್ ಆಸ್ಪತ್ರೆ ಮುಟ್ಟಲಿಲ್ಲ.

ನನಗೆ ಕೆಲಸ ಸಿಕ್ಕದ್ದು ಅವರ ಇಂಗ್ಲಿಷಿನಿಂದ. ಆ ಸುದ್ದಿ ಕೇಳಲು ಅವರಿರಲಿಲ್ಲ.

ಸರ್ ಅವರ ಮಣ್ಣಿಗೆ ಕರ್ಜಗಿಯ ತಂಗಿ ಬಂದಿದ್ದರು. ಅಳಲಿಲ್ಲ. ಕಪಾಟಿನ ಪುಸ್ತಕಗಳನ್ನೇ ನೋಡುತ್ತ ಕುಳಿತಿದ್ದವರು ನನ್ನನ್ನು ಹತ್ತಿರ ಕರೆದು, ಇಂಗ್ಲಿಷ್ ಕಲಿಯಲು ಬರುತ್ತಿದ್ದ ಹುಡುಗಿ ನೀನೇ ಏನು ಎಂದರು. ಹೌದೆಂದೆ.

"ನನ್ನ ಸುದ್ದಿ ಏನರ ತಗೀತಿದ್ನೇನವಾ?"

"ನಿಮ್ಮ ಕಡೆ ಬರಬೇಕಂತ ದಿನಾ ಅನಸ್ತೈತಿ ಅಂದಿದ್ರುರಿ, ಆಯಿ."

"ಮತ್ತ ಬರಲಿಲ್ಲ ಯಾಕ?"

ಉತ್ತರ ನನ್ನ ನೋಟ್‌ಬುಕ್ಕಿನಲ್ಲಿತ್ತು. ಆದರೆ ಆಯಿಯ ಪ್ರಶ್ನೆ ಸತ್ತವರಿಗೆ ಎಷ್ಟೋ ನನಗೂ ಅಷ್ಟೇ ಎಂದು ಆಗ ಹೊಳೆಯಿತು. ನಾಚಿಕೆಯಿಂದ ಕುಗ್ಗಿಹೋದೆ.

"ಅವರನ್ನ ಕರಕೊಂಡು ಬರಬೇಕಂತ ನಂಗೂ ಅನಸಿತ್ತುರಿ," ಎಂದೆ.

ಅವರು ನನ್ನ ಮುಖ ನೋಡಿ, ಮತ್ತೆ ಕಪಾಟಿನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.