ನೀಲಿ ಬಾರದ ಕೊಡಲಿ

ಯರಗುಪ್ಪಿಯ ಕಂಬಾರ ಅಬ್ದುಲಮಜೀದನ ಮಾತು ಅವನ ಸುತ್ತಿಗೆಗಿಂತ ಜೋರು. ತುಕ್ಕು ತಿಂದು ಮೂಲೆಗೆ ಬಿದ್ದ ಅಜ್ಜನ ಕಾಲದ ಕೊಡಲಿ ತಂದುಕೊಡಿ, ಹೊಸದು ನಾಚಬೇಕು ಹಾಗೆ ಮಾಡಿಕೊಡುತ್ತೇನೆ ಅನ್ನುತ್ತಿದ್ದ. ಹಾಗೆಯೇ ಮಾಡಿಯೂ ಕೊಡುತ್ತಿದ್ದ. ಪಕ್ಕದೂರು ಕುಬಿಹಾಳದವರೂ ಅವನ ಕುಲುಮೆ ಹುಡುಕಿಕೊಂಡು ಬರುತ್ತಿದ್ದರು. ಅಂಗಡಿಯಲ್ಲಿ ಹೊಸ ಕೊಡಲಿ ಬೇಕಾದಷ್ಟು ಸಿಗುವ ಈ ಕಾಲದಲ್ಲಿ ಆ ಹೆಸರೊಂದೇ ಅವನ ಆಸ್ತಿ.

ವಿದ್ಯೆಯೆಲ್ಲ ಇದ್ದದ್ದು ಬಣ್ಣ ನೋಡುವುದರಲ್ಲಿ. ಕೆಂಪಗೆ ಕಾದ ಕೊಡಲಿಯ ಬಾಯನ್ನು ನೀರಿಗೆ ಹಿಡಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಸಿಡಿಯುತ್ತದೆ ಕೂಡ. ಅದಕ್ಕೇ ಬೇಗ ಮೇಲೆತ್ತಿ, ಕಲ್ಲಿನಿಂದ ಉಜ್ಜಿ, ಕಾಯಬೇಕು. ಹಿಂಭಾಗದಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಯತ್ತ ಸರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ. ನೀಲಿ ಅಂಚು ಮುಟ್ಟಿದಾಗ ಮತ್ತೆ ನೀರಿಗೆ ಅದ್ದಬೇಕು. ಅವಸರ ಮಾಡಿದರೆ ಗಟ್ಟಿ ಮರದಲ್ಲಿ ಚೂರು ಹಾರುತ್ತದೆ, ತಡವಾದರೆ ಬಾಯಿ ಮಡಚಿಕೊಳ್ಳುತ್ತದೆ.

ಈ ಬಣ್ಣಗಳು ಮಜೀದನಿಗೆ ಕಾಣದೆ ಎರಡು ವರ್ಷವಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕಣ್ಣಿಲ್ಲದ ಕಂಬಾರನ ಹತ್ತಿರ ಯಾರು ಬಂದಾರು ಎಂದು ಮುಚ್ಚಿಟ್ಟ. ಅಂದಾಜಿನ ಮೇಲೆ ಕೊಡಲಿಗಳಿಗೆ ನೀರು ಕುಡಿಸತೊಡಗಿದ. ಮೆತ್ತನೆ ಮರ ಕಡಿಯುವವರಿಗೆ ಏನೂ ಗೊತ್ತಾಗಲಿಲ್ಲ. ಜಾಲಿ ಕಡಿಯುವವರ ಕೊಡಲಿಗಳು ಮಾತ್ರ ಮುಕ್ಕಾಗಿ ಮರಳಿ ಬಂದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಜೀದ ಜಾಲಿಯ ಗಂಟಿಗೆ ಬೈದ, ಹಳೆಯ ಉಕ್ಕಿಗೆ ಬೈದ, ಗಂಟು ನೋಡದೆ ಹೊಡೆಯುತ್ತೀರಿ ಎಂದು ತಂದವರಿಗೇ ಬೈದ.

ಹೆಂಡತಿ ಮಲಿಕಾಬಿ ಮದುವೆಯಾದಂದಿನಿಂದ ಕುಲುಮೆಗೆ ಗಾಳಿ ಹಾಕಿದವಳು. ಅವಳ ಕಣ್ಣು ಚೆನ್ನಾಗಿತ್ತು. ಒಮ್ಮೆ ಗಿರಾಕಿಗಳ ಮುಂದೆ ಇನ್ನೂ ಹಳದಿ ಇದೆ, ತಡೀರಿ ಅಂದುಬಿಟ್ಟಳು. ಮಜೀದ ಇಕ್ಕಳ ಬೀಸಿ ಒಗೆದು, ಇನ್ನೊಮ್ಮೆ ನಡುವೆ ಮಾತಾಡಿದರೆ ನೋಡು ಅಂದ. ಅವಳು ಮತ್ತೆಂದೂ ಬಣ್ಣದ ಮಾತೆತ್ತಲಿಲ್ಲ.

ಅದೇ ಊರಿನ ರೈತ ಮಡಿವಾಳೆಪ್ಪ ತನ್ನ ಅಪ್ಪನ ಕೊಡಲಿ ತಂದದ್ದು ಅದಾದ ಮೇಲೆ. ಹೊಲದ ಬದುವಿನ ಕರಿಜಾಲಿ ಕಡಿಯಬೇಕಿತ್ತು. ಕಂಬಕ್ಕೊರಗಿ ಕೂತು, ಮಜೀದನ ಕೈಗುಣ ಹೊಗಳುತ್ತಲೇ ಕೊಡಲಿ ಮಾಡಿಸಿಕೊಂಡು ಹೋದ. ವಾರದೊಳಗೆ ಸುದ್ದಿ ಬಂತು: ಜಾಲಿಗೆ ಹೊಡೆದಾಗ ಬಾಯಿಯ ಚೂರು ಹಾರಿ ಅವನ ಬಲಗಣ್ಣಿಗೆ ಬಡಿದಿತ್ತು. ಹುಬ್ಬಳ್ಳಿಯಲ್ಲಿ ಚೂರು ತೆಗೆದರು. ನೋಟ ಉಳಿಯಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಮಡಿವಾಳೆಪ್ಪ ಕೊಡಲಿ ಹಿಡಿದು ಬಂದ. ಅವನು ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಮಜೀದನಿಗೆ ಎಷ್ಟೋ ವಾಸಿಯಿತ್ತು.

"ನಂದ ತಪ್ಪರಿ ಕಾಕಾ. ಗಂಟು ನೋಡದ ಹೊಡದೆ," ಅಂದ ಮಡಿವಾಳೆಪ್ಪ. "ಅಪ್ಪನ ಕೊಡ್ಲಿ, ಒಗಿಯಾಕ ಮನಸ ಬರವಲ್ದು. ಮತ್ತೊಮ್ಮಿ ಮಾಡಿಕೊಡ್ರಿ."

ಮಜೀದ ಹ್ಞೂಂ ಅಂದ. ಕೈಚಾಚಿ ಕೊಡಲಿ ತೆಗೆದುಕೊಂಡ.

ಮಡಿವಾಳೆಪ್ಪ ಗೋಡೆ ಹಿಡಿದುಕೊಂಡು ಹೊರಟ. ಅವನ ಚಪ್ಪಲಿಯ ಸದ್ದು ದೂರವಾದ ಮೇಲೆ ಮಜೀದ ಕೊಡಲಿಯ ಮುಕ್ಕನ್ನು ಹೆಬ್ಬೆರಳಿನಿಂದ ತಡವಿದ.

"ಅವತ್ತ ಯಾವ ಬಣ್ಣ ಇತ್ತು?"

"ಹಳದಿ," ಅಂದಳು ಕುಲುಮೆಯ ಬದಿಗೆ ಕೂತಿದ್ದ ಮಲಿಕಾಬಿ.

"ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ರಿ." ಆ ಕಣ್ಣು ಹೋದದ್ದರಲ್ಲಿ ತನ್ನ ಪಾಲೂ ಇದೆ ಎಂದು ಅವಳಿಗೆ ಗೊತ್ತಿತ್ತು. ಸುದ್ದಿ ಬಂದಾಗಿನಿಂದ ರಾತ್ರಿ ಅವಳು ಅಳುತ್ತಿದ್ದದ್ದೂ ಅದಕ್ಕೇ.

ಮಜೀದ ಅಂದ: "ಗಾಳಿ ಹಾಕು. ಈ ಸಲ ಬಣ್ಣ ನೀನ ಹೇಳು."

ಮಲಿಕಾಬಿ ಏಳಲಿಲ್ಲ. "ಮೊದಲ ಅವನ ಮನಿಗೆ ಹೋಗಿ, ತಪ್ಪು ಯಾರದಂತ ಹೇಳಿ ಬರ್ರಿ. ನಾನೂ ಬರ್ತೀನಿ."

ಮಡಿವಾಳೆಪ್ಪನ ಮನೆ ಎರಡು ಓಣಿ ಆಚೆ. ಮಜೀದ ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಲಿಕಾಬಿ ಸೆರಗು ಹೊದ್ದು ಬಾಗಿಲಲ್ಲಿ ಕಾದಳು. ಕುಲುಮೆಯ ಕೆಂಡ ಆರಿ ಬೂದಿಯಾಯಿತು, ಅವನು ಏಳಲಿಲ್ಲ.