ಸೋಮವಾರದ ಎತ್ತುಗಳು

ಆ ಯಂತ್ರ ನಮ್ಮ ಶಾಲೆಗೆ ಬಂದಾಗ ಖುಷಿಪಟ್ಟವರಲ್ಲಿ ನಾನಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ, ಯಾರೂ ಸಿಗದಿದ್ದಾಗ ಡ್ರಿಲ್ಲು, ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದರು. ಈಗ ಇದೊಂದು ಕಂಪ್ಯೂಟರು. ಟೈಪ್‌ರೈಟರಿನಂಥ ಪೆಟ್ಟಿಗೆ, ಅದಕ್ಕೊಂದು ಟಿವಿ, ಪಕ್ಕದಲ್ಲಿ ಹಾಡು ಕೇಳುವಂಥದೇ ಟೇಪ್ ರೆಕಾರ್ಡರು. ಏನು ಬರೆದರೂ ಕ್ಯಾಸೆಟ್ಟಿನಲ್ಲೇ ಉಳಿಸಬೇಕು. ಸಾಹೇಬರೊಬ್ಬರು ಬಂದು ನೋಡುತ್ತಾರಂತೆ, ಮಕ್ಕಳು ಬಳಸುತ್ತಿದ್ದರೆ ಇಲ್ಲೇ ಬಿಡುತ್ತಾರಂತೆ, ಇಲ್ಲದಿದ್ದರೆ ಬೇರೆ ಶಾಲೆಗೆ ಒಯ್ಯುತ್ತಾರಂತೆ. ಹೆಡ್‌ಮಾಸ್ತರರು ಹೀಗೆಂದಾಗ, ಒಯ್ಯಲಿ ಬಿಡು, ಪೀಡೆ ಹೋಯಿತು ಎಂದುಕೊಂಡೆ.

ಹಾಗೆಂದುಕೊಂಡು ಸುಮ್ಮನಿರಲು ಎಂಟನೇ ಇಯತ್ತೆಯ ಒಬ್ಬ ಹುಡುಗಿ ಬಿಡಲಿಲ್ಲ. ಒಕ್ಕಲುತನದ ಮನೆಯವಳು, ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಒಂದು ಗುಂಡಿ ಒತ್ತಿದಾಗ ಪರದೆಯ ಮೇಲಿನ ಚುಕ್ಕಿ ಸರಿದದ್ದು ನೋಡಿ ಘೊಳ್ಳೆಂದು ನಕ್ಕುಬಿಟ್ಟಳು.

"ಸರ, ಇದು ನಾ ಹೇಳಿದ್ದು ಕೇಳತದರಿ! ಮನ್ಯಾಗ ಯಾರೂ ಕೇಳಂಗಿಲ್ರಿ."

ಅವತ್ತಿನಿಂದ ನನ್ನ ಗ್ರಹಚಾರ ಶುರುವಾಯಿತು. ಈ ಯಂತ್ರ ಇಲ್ಲಿಂದ ಹೋಗಬಾರದು ಎಂದು ಹಟ ಹುಟ್ಟಿತು. ಮಕ್ಕಳಿಗೊಂದು ಆಟ ಬರೆಯಲು ಕೂತೆ. ಬಿತ್ತನೆಯ ಆಟ. ಯಾವ ಮಳೆಗೆ ಏನು ಬಿತ್ತಬೇಕು ಎಂದು ಆರಿಸಿ, ಎತ್ತು ಹೂಡಿ ಬಿತ್ತಬೇಕು. ಸರಿಯಾದ ಮಳೆಗೆ ಬಿತ್ತಿದರೆ ಬೆಳೆ, ತಪ್ಪಿದರೆ ಬರೀ ಕಸ.

ಇದಕ್ಕೆ ಬೇಕಾದ ಮಾಹಿತಿಯೆಲ್ಲ ಇದ್ದದ್ದು ನನ್ನ ಅಪ್ಪನ ಬಾಯಲ್ಲಿ. ಜೇವರ್ಗಿ ಕಡೆಯ ಕೊಳಕೂರಿನಲ್ಲಿ ಅವನ ಹೊಲ. ರಜೆಯಲ್ಲಿ ಹೋಗಿ ಕಟ್ಟೆಯ ಮೇಲೆ ಅವನ ಎದುರು ಕೂತೆ. ಮೃಗಶಿರಾ ಮಳೆಗೆ ತೊಗರಿ, ಹಸ್ತಕ್ಕೆ ಜೋಳ, ಇಷ್ಟು ಸಲೀಸು. ಆದರೆ ಯಂತ್ರಕ್ಕೆ ಎಲ್ಲವೂ ಅಂಕಿಯಾಗಬೇಕು. ಒಂದೊಂದು ಮಳೆಗೆ ಒಂದೊಂದು ಸಾಲು, ಸಾಲಿನಲ್ಲಿ ಮಳೆಯ ಸಂಖ್ಯೆ, ಬೆಳೆಯ ಸಂಖ್ಯೆ, ನೆಲದ ಹದ. ಆ ಹದಕ್ಕೆ ಏನಂಕಿ ಹಾಕಲಿ?

"ಅಪ್ಪಾ, ಹದ ಒಂದರಿಂದ ಐದರೊಳಗ ಎಷ್ಟು ಅಂತ ಹೇಳು."

"ತಲಿ ಕೆಟ್ಟದೇನಲೇ? ಹದ ಅಂದ್ರ ಹದ. ಮಣ್ಣು ಹಿಡದು ನೋಡು, ಗೊತ್ತಾಗತದ."

ನಾನು ಕೇಳುವುದು, ಅವನು ಬೈಯುವುದು, ಅವ್ವ ಚಹಾ ತಂದಿಟ್ಟು ನಗುವುದು. ಅಂತೂ ಎಲ್ಲ ಮಳೆಗಳನ್ನೂ ಅಂಕಿಗಿಳಿಸಿ ಆಳಂದಕ್ಕೆ ಬಂದು ಕ್ಯಾಸೆಟ್ಟಿಗೆ ತುಂಬಿದೆ. ತುಂಬಿದ್ದು ವಾಪಸ್ ಓದಿಸಿದರೆ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಸೆಕೆಗೆ ಟೇಪು ಹಿಗ್ಗುತ್ತಿತ್ತೋ ಏನು ಹಾಳೋ. ಮತ್ತೆ ಮೊದಲಿನಿಂದ ಬೆರಳು ನೋಯುವಂತೆ ಒತ್ತು. ಒಂದು ದಿನ ಸರಿಯಾಗಿ ತುಂಬಿದೆಯೇ ಎಂದು ಕ್ಯಾಸೆಟ್ಟನ್ನು ಮನೆಯ ಟೇಪಿನಲ್ಲಿ ಹಾಕಿ ಕೇಳಿದೆ. ಕಿರ್ರೆಂಬ ಸದ್ದಿಗೆ ನನ್ನ ಹೆಂಡತಿ ಒಳಗಿನಿಂದ, "ಬಂದ್ ಮಾಡ್ರಿ ಅದನ್ನ, ಹಲ್ಲು ಜುಮ್ ಅನ್ನಾಕತ್ತಾವ" ಎಂದು ಕೂಗಿದಳು. ಅವಳ ತಪ್ಪೇನೂ ಇಲ್ಲ.

ಆಟ ಸಿದ್ಧವಾಯಿತು. ಚುಕ್ಕಿ ಚುಕ್ಕಿ ಜೋಡಿಸಿ ಮಾಡಿದ ಎತ್ತುಗಳು ಆಡಿನ ಹಾಗೆ ಕಾಣುತ್ತಿದ್ದರೂ ಮಕ್ಕಳು ಸಾಲುಗಟ್ಟಿ ನಿಂತು ಆಡಿದರು. ಅಪ್ಪ ನಮ್ಮನ್ನು ನೋಡಲು ಬಂದಾಗ ಹೆಮ್ಮೆಯಿಂದ ಶಾಲೆಗೆ ಕರೆದೊಯ್ದೆ. ಪರದೆಯ ಮೇಲೆ ಎತ್ತುಗಳು ಹೊರಟವೋ ಇಲ್ಲವೋ, ಅವನು ಧಡಕ್ಕನೆ ಎದ್ದ.

"ಇವತ್ತೇನು ವಾರ?"

"ಸೋಮವಾರ."

"ಸೋಮವಾರ ಬಸವಣ್ಣನ ಹೆಗಲಿಗಿ ನೊಗ ಹಾಕೀಯಲ್ಲೋ! ನಾ ನಿಂಗ ಇದನ್ನ ಕಲಿಸೇನೇನು?"

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಆ ದಿನ ಅವು ಮೈ ತೊಳೆಸಿಕೊಂಡು ಮೆಲುಕು ಹಾಕುತ್ತ ಮಲಗಬೇಕು. ಹೊಲದವನ ಮಗನಾಗಿ ಹುಟ್ಟಿ ನಾನು ಅದನ್ನೇ ಬಿಟ್ಟಿದ್ದೆ. ಇದು ಬರೀ ಚಿತ್ರ ಅಪ್ಪಾ ಎಂದರೆ ಅವನು ಹೊಳ್ಳಿ ನೋಡಲಿಲ್ಲ. ಬೆನ್ನ ಹಿಂದೆ ಮಕ್ಕಳು ಗುಸುಗುಸು ಮಾತಾಡಿಕೊಂಡರು.

ಸರಿ, ಮತ್ತೆ ಕೂತೆ. ಪ್ರತಿ ಸಾಲಿಗೂ ಎತ್ತು ಹೂಡಬಾರದ ವಾರದ ಅಂಕಿ ಸೇರಬೇಕು. ಸೇರಿಸಿದರೆ ಹಳೆಯ ಕ್ಯಾಸೆಟ್ಟನ್ನು ಹೊಸ ಆಟ ಓದುವುದಿಲ್ಲ. ಹಳೆಯದನ್ನು ಓದಿ ಹೊಸ ನಮೂನೆಗೆ ತಿರುಗಿಸಿ ಬೇರೆ ಕ್ಯಾಸೆಟ್ಟಿಗೆ ಇಳಿಸಲು ಇನ್ನೊಂದು ಪ್ರೋಗ್ರಾಮು ಬರೆದೆ. ಸಾಕಪ್ಪಾ ಸಾಕು ಅನ್ನಿಸಿತು. ಯಂತ್ರದಲ್ಲಿ ಗಡಿಯಾರವಿಲ್ಲ, ಆದ್ದರಿಂದ ಆಟದ ಶುರುವಿಗೆ ಇವತ್ತು ಯಾವ ವಾರ ಎಂದು ಅದು ಕೇಳುತ್ತಿತ್ತು. ಸೋಮವಾರ ಎಂದರೆ ಎತ್ತು ಏಳುತ್ತಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಸಾಹೇಬರು ಬಂದದ್ದು ಸೋಮವಾರವೇ.

ಅವರು ಬೆಂಗಳೂರು ಕಡೆಯವರು, ಕೆಟ್ಟವರಲ್ಲ. ಕುರ್ಚಿ ಎಳೆದುಕೊಂಡು ಮಕ್ಕಳ ನಡುವೆಯೇ ಕೂತರು. ಆ ಹುಡುಗಿ ವಾರ ಒತ್ತಿದಳು. ಎತ್ತುಗಳು ಮಲಗಿದವು.

"ಯಾಕ್ರೀ, ಕೆಟ್ಟಿದೆಯಾ?"

ನಾನು ವಿವರಿಸಿದೆ. ಅವರು ನಕ್ಕು, "ಚೆನ್ನಾಗಿದೆ. ಆದರೆ ಮಕ್ಕಳು ಆಡುವುದನ್ನು ನಾನು ನೋಡಬೇಕಲ್ಲ" ಎಂದರು. ಹೆಡ್‌ಮಾಸ್ತರರು ನನ್ನ ಕಿವಿಯ ಹತ್ತಿರ, "ಮಂಗಳವಾರ ಅಂತ ಒತ್ತಸ್ರಿ ಮಾರಾಯರ" ಎಂದರು.

ಹುಡುಗಿಗೆ ಹೇಳಿದೆ. "ಇವತ್ತ ಸೋಮವಾರ ಅದರಿ ಸರ" ಎಂದಳು.

ಕೊನೆಗೆ ನಾನೇ ಒತ್ತಿದೆ. ಎತ್ತುಗಳು ಎದ್ದು ಹೊರಟವು. "ಈಗ ನೀ ಬಿತ್ತವ್ವಾ" ಎಂದೆ. ಅವಳು ಬೆಂಚಿನಿಂದ ಎದ್ದು ಹಿಂದೆ ಸರಿದಳು. ಉಳಿದವರು ಕೈ ಬೆನ್ನಿಗೆ ಕಟ್ಟಿ ನಿಂತರು. ಸಾಬರ ಹುಡುಗನೊಬ್ಬನಿದ್ದ, ಅವನನ್ನು ಕರೆದರೆ ಅವನೂ ತಲೆ ಅಲ್ಲಾಡಿಸಿದ. ಅವರ ಮನೆಯಲ್ಲೂ ಸೋಮವಾರ ಎತ್ತು ಹೂಡುವುದಿಲ್ಲ. ಬೈಯೋಣವೆಂದರೆ ಯಾವ ಬಾಯಿಂದ ಬೈಯಲಿ? ಆ ನೇಮವನ್ನು ಆಟದೊಳಗೆ ತಂದವನು ನಾನೇ.

ಸಾಹೇಬರು ಬೇಜಾರಿನಿಂದಲೇ ಪೆನ್ನು ತೆಗೆದರು. "ನೀವೊಬ್ಬರೇ ಆಡುತ್ತಿದ್ದೀರಿ. ಮಕ್ಕಳು ಮುಟ್ಟುತ್ತಲೂ ಇಲ್ಲ. ನಾನೇನು ಬರೆಯಲಿ ಹೇಳಿ?"

ಆಗ ಆ ಹುಡುಗಿ, ಯಾರೂ ಕೇಳದೆಯೇ, ಗಟ್ಟಿಯಾಗಿ ಹೇಳಿದಳು: "ನಾಳೆ ಬರ್ರಿ ಸಾಹೇಬ್ರ. ನಾಳೆ ಭಾಳ ಚಂದ ಆಡತೇವ್ರಿ."

ಅವರು ಅವಳ ತಲೆ ಸವರಿ, "ಆಗಲಮ್ಮ" ಎಂದು ಎದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಜೀಪು ಬಂತು. ಯಂತ್ರ, ಟಿವಿ, ಟೇಪು ಅಫಜಲಪುರದ ಕಡೆಗೆ ಹೋದವು. ಜವಾನ ತಂತಿ ಸುತ್ತಿ ಕೊಡುವಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ವಾದ ಮಾಡಲು ತ್ರಾಣವೇ ಇರಲಿಲ್ಲ. ಸಿಟ್ಟಾದರೂ ಯಾರ ಮೇಲೆ ಬರಬೇಕು?

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಆ ಕೋಣೆಯಲ್ಲಿ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಮಕ್ಕಳೆಲ್ಲ ಬಂದು ಬರಿಯ ಮೇಜಿನ ಮುಂದೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅವಳು, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದಿದ್ದಳು.

"ಎಲ್ಲಿ ಇಟ್ಟೀರಿ ಸರ?"

"ಒಯ್ದರವ್ವಾ."

ಅವಳಿಗೆ ಅರ್ಥವಾಗಲಿಲ್ಲ. ಮೇಜು ನೋಡಿದಳು, ನನ್ನ ಮುಖ ನೋಡಿದಳು.

"ಮತ್ತ ನಾವು ನಾಳೆ ಅಂತ ಹೇಳಿದ್ದೆವಲ್ರಿ ಸರ" ಎಂದಳು.